ಕಾಮಾಲೆ ಸೊಪ್ಪಿನಿಂದ ಫ್ಯಾಟಿ ಲಿವರ್ ಮಾತ್ರೆಯವರೆಗೆ

ತೀರ್ಥಹಳ್ಳಿ, ಸಾಗರದ ಕಡೆ ‘ಲಿವರ್‌ಗೆ ಔಷಧಿ’ ಅಂದರೆ ಹಿಂದೆಲ್ಲ ಕಾಮಾಲೆಗೆ ಅಂತಲೇ ಅರ್ಥ. ಕಣ್ಣು ಹಳದಿಯಾದವರಿಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು, ಪಥ್ಯ ಬಿಗಿಯಾಗಿರುತ್ತಿತ್ತು. ನೀರಿನಿಂದ ಹರಡುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಕ್ಕೆ ತಾನಾಗಿಯೇ ಇಳಿಯುತ್ತದೆ. ವಾಸಿ ಮಾಡಿದ ಹೆಸರು ಮಾತ್ರ ಸೊಪ್ಪಿಗೆ ಬಂತು. 1988ರಲ್ಲಿ ಮದ್ರಾಸಿನ ಸಂಶೋಧಕರು ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಮೇಲೂ ಇದರ ಪರಿಣಾಮ ಕಂಡೆವೆಂದು ಬರೆದರು. ಬೇರೆ ಕಡೆ ಅದೇ ಫಲಿತಾಂಶ ಸಿಗಲಿಲ್ಲ.

ಸಕ್ಕರೆ ಕಾಯಿಲೆಯವರ ಲಿವರ್ ತೊಂದರೆಯೇ ಬೇರೆ. ಇನ್ಸುಲಿನ್ ಸರಿಯಾಗಿ ನಾಟದ ದೇಹದಲ್ಲಿ ಕೊಬ್ಬು ಲಿವರ್‌ಗೆ ಹೋಗಿ ಕೂರುತ್ತದೆ. ಸಾಮಾನ್ಯವಾಗಿ ಕಣ್ಣು ಹಳದಿಯಾಗುವುದಿಲ್ಲ, ನೋವೂ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ‘ಫ್ಯಾಟಿ ಲಿವರ್’ ಅಂತ ಬರೆದು ಕೊಡುತ್ತಾರೆ. ಆ ಚೀಟಿ ಹಿಡಿದವರು ಕೇಳುವುದು ಮಾತ್ರ ಅದೇ ಹಳೇ ಕಾಮಾಲೆ ಔಷಧಿ. ಗೋಜಲು ಶುರುವಾಗಿದ್ದು ಇಲ್ಲಿ.

ನಮ್ಮ ಕಾಡಿನ ಗಿಡಗಳಲ್ಲಿ ಈ ಹೊಸ ಕಾಯಿಲೆಗೆ ನಿಜವಾಗಿ ಹತ್ತಿರ ಬರುವುದು ಮರದರಿಶಿನ. ಬಳ್ಳಿಯನ್ನು ಅಡ್ಡ ಕೊಯ್ದರೆ ಗಾಡಿಚಕ್ರದ ಕಡ್ಡಿಗಳಂಥ ಗೆರೆ, ಅಚ್ಚ ಹಳದಿ. ತುಂಡನ್ನು ನೀರಿಗೆ ಹಾಕಿಟ್ಟರೆ ನೀರೂ ಹಳದಿ. ಆ ಬಣ್ಣವೇ ಬರ್ಬೆರಿನ್. ಜೀವಕೋಶದಲ್ಲಿ ಇಂಧನದ ಲೆಕ್ಕ ಇಡುವ ಕಿಣ್ವವೊಂದನ್ನು ಅದು ಚುರುಕು ಮಾಡುತ್ತದೆ. ಲಿವರ್ ಕೊಬ್ಬು ಕಟ್ಟುವುದನ್ನು ಬಿಟ್ಟು ಸುಡತೊಡಗುತ್ತದೆ. 2015ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ, ಊಟ-ವ್ಯಾಯಾಮ ಸರಿಪಡಿಸಿಕೊಂಡು 16 ವಾರ ಬರ್ಬೆರಿನ್ ತೆಗೆದುಕೊಂಡವರಲ್ಲಿ, ಬರೀ ಊಟ-ವ್ಯಾಯಾಮ ನೆಚ್ಚಿದವರಿಗಿಂತ ಲಿವರ್ ಕೊಬ್ಬು ಹೆಚ್ಚು ಇಳಿಯಿತು. ಆದರೆ ಅವರು ನುಂಗಿದ್ದು ದಿನಕ್ಕೆ ಒಂದೂವರೆ ಗ್ರಾಂ ಶುದ್ಧ ಬರ್ಬೆರಿನ್. ಮನೆಯಲ್ಲಿ ಕುದಿಸಿದ ಒಂದು ಲೋಟ ಕಷಾಯದಲ್ಲಿ ಅದೆಷ್ಟಿರುತ್ತದೆ ಎಂದು ಹೇಳುವುದು ಕಷ್ಟ.

ಅಳತೆಯ ಮಾತು ಸಣ್ಣದಲ್ಲ. ಕಷಾಯವನ್ನು ಒಂದು ವಾರ ಕುಡಿದು ನಿಲ್ಲಿಸುತ್ತಿದ್ದರು. ಕ್ಯಾಪ್ಸೂಲ್ ವರ್ಷಪೂರ್ತಿ ನಡೆಯುತ್ತದೆ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ಜನರ ವರದಿ ಕೊಟ್ಟರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಡುಗೆಯ ಅರಿಶಿನದ ಸಾರಕ್ಕೆ ಕಾಳುಮೆಣಸಿನ ಪೈಪರಿನ್ ಸೇರಿಸಿದ ಮಾತ್ರೆಗಳಿಂದಲೂ ಇಂಥ ಪ್ರಕರಣ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ಭಯವಿಲ್ಲ.

ಬೇಡಿಕೆಯ ಬಿಸಿ ಘಟ್ಟಕ್ಕೂ ತಟ್ಟಿದೆ. ಮರದರಿಶಿನ ಬಹಳ ನಿಧಾನ ಬೆಳೆಯುವ ಬಳ್ಳಿ, ಪಶ್ಚಿಮ ಘಟ್ಟದಲ್ಲಿ ಈಗ ಅಪರೂಪ. ಮಾರಾಟವಾಗುವುದು ಕಾಂಡವೇ ಆದ್ದರಿಂದ ಬುಡಕ್ಕೇ ಕತ್ತಿ ಬೀಳುತ್ತದೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹತ್ತಿರದ ಗಂಡನ್ನು ಕಡಿದ ಮೇಲೆ ಹೆಣ್ಣು ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ.