ಹೆಚ್ಚು ಓದಿದರೆ ಮೆದುಳಿನ ಮಡಿಕೆ ಹೆಚ್ಚುತ್ತದೆಯೇ?

ಪ್ರಶ್ನೆ: ಮಗಳು ಎಂಟನೇ ತರಗತಿ. ಹೊಸದೇನಾದರೂ ಕಲಿತಾಗಲೆಲ್ಲ ಮೆದುಳಿನಲ್ಲಿ ಒಂದು ಸುಕ್ಕು ಬೀಳುತ್ತದೆ, ಸುಕ್ಕು ಜಾಸ್ತಿ ಇದ್ದವರೇ ಬುದ್ಧಿವಂತರು ಅಂತ ಟ್ಯೂಷನ್ನಿನಲ್ಲಿ ಹೇಳಿದ್ದಾರಂತೆ. ನಿಜವೇ? (ಮದ್ದೂರಿನ ಓದುಗರೊಬ್ಬರು)

ಉತ್ತರ: ಎರಡೂ ಸುಳ್ಳು. ಮಡಿಕೆ ಬೀಳುವುದು ಶಾಲೆಯಲ್ಲಲ್ಲ, ತಾಯಿಯ ಹೊಟ್ಟೆಯಲ್ಲಿ. ಐದನೇ ತಿಂಗಳವರೆಗೂ ಮಗುವಿನ ಮೆದುಳು ಹೆಚ್ಚುಕಡಿಮೆ ನುಣುಪಾಗಿಯೇ ಇರುತ್ತದೆ. ದೊಡ್ಡ ಸೀಳುಗಳು ಸುಮಾರು 20ನೇ ವಾರದಿಂದ ಸ್ಪಷ್ಟವಾಗುತ್ತಾ ಹೋಗಿ, ಕೊನೆಯ ಮೂರು ತಿಂಗಳಲ್ಲಿ ಸಣ್ಣವೂ ಸೇರಿಕೊಳ್ಳುತ್ತವೆ. ಹುಟ್ಟುವ ಹೊತ್ತಿಗೆ ನಕ್ಷೆ ಬಹುಪಾಲು ಮುಗಿದಿರುತ್ತದೆ. ಆಮೇಲೆ ಮಗ್ಗಿ ಕಲಿತರೂ ವೀಣೆ ಕಲಿತರೂ ಬದಲಾಗುವುದು ನರಕೋಶಗಳ ನಡುವಿನ ಸಂಪರ್ಕ. ಹೊಸ ಸುಕ್ಕು ಮೂಡುವುದಿಲ್ಲ.

ಬುರುಡೆಯಲ್ಲಿ ಜಾಗ ಸಾಲದೆ ಮೆದುಳು ಮುದುರಿಕೊಂಡಿತು ಎಂಬ ವಿವರಣೆಯೂ ಪೂರ್ತಿ ಸರಿಯಲ್ಲ. ಕಾರ್ಟೆಕ್ಸ್ ಎಂಬ ಹೊರಗಿನ ಬೂದು ಪದರ ಒಳಗಿನ ಬಿಳಿ ಭಾಗಕ್ಕೆ ಅಂಟಿಕೊಂಡೇ ಇರುತ್ತದೆ, ಆದರೆ ಅದಕ್ಕಿಂತ ಬೇಗ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಹೋಗಲು ದಾರಿಯಿಲ್ಲದೆ ಮಡಚಿಕೊಳ್ಳುತ್ತದೆ. 2016ರಲ್ಲಿ ಸಂಶೋಧಕರು ಭ್ರೂಣದ ಎಂಆರ್‌ಐ ನೋಡಿ ಅದೇ ಆಕಾರದ ಜೆಲ್ ಮೆದುಳು ಮಾಡಿ, ದ್ರಾವಕದಲ್ಲಿ ಇಟ್ಟರು. ಹೊರಪದರ ಮಾತ್ರ ಊದಿಕೊಂಡಿತು. ಬುರುಡೆಯೇ ಇಲ್ಲದಿದ್ದರೂ ನಮ್ಮಂಥದ್ದೇ ಮಡಿಕೆಗಳು ಬಿದ್ದವು.

ಇದರಿಂದ ಲಾಭ ಜಾಗದ್ದು. 2ರಿಂದ 4 ಮಿಲಿಮೀಟರ್ ದಪ್ಪದ ಈ ಪದರವನ್ನು ಬಿಡಿಸಿ ಹರಡಿದರೆ ದಿನಪತ್ರಿಕೆಯ ಒಂದು ಪುಟದಷ್ಟಾದರೂ ಆಗುತ್ತದೆ, ಅಂದರೆ ಸುಮಾರು 2,000 ಚದರ ಸೆಂಟಿಮೀಟರ್. ಅದರ ಮೂರನೇ ಎರಡು ಭಾಗ ಸೀಳುಗಳ ಒಳಗೇ ಅಡಗಿದೆ.

ಹಾಗಾದರೆ ಮಡಿಕೆ ಹೆಚ್ಚಿದ್ದಷ್ಟೂ ಒಳ್ಳೆಯದೇ? ಡಾಲ್ಫಿನ್ನಿಗೂ ಆನೆಗೂ ನಮಗಿಂತ ಹೆಚ್ಚು ಮಡಿಕೆ ಇವೆ. ಆದರೆ ಆಫ್ರಿಕದ ಆನೆಯೊಂದರ ಕಾರ್ಟೆಕ್ಸಿನಲ್ಲಿ ಎಣಿಸಿದಾಗ ಸಿಕ್ಕ ನರಕೋಶ ಸುಮಾರು 560 ಕೋಟಿ. ನಮ್ಮಲ್ಲಿ ಸುಮಾರು 1,600 ಕೋಟಿ. ದಸರೆಯ ಆನೆಗಳನ್ನು ಯಾರೂ ದಡ್ಡ ಎನ್ನಲಾರರು, ಅದು ಬೇರೆ ಮಾತು. ಮನುಷ್ಯರಲ್ಲೇ ನೋಡಿದರೆ, ಪಾಲಿಮೈಕ್ರೋಜೈರಿಯಾ ಎಂಬ ತೊಂದರೆಯಲ್ಲಿ ಮಡಿಕೆಗಳು ಅತಿ ಸಣ್ಣವು, ಅತಿ ಹೆಚ್ಚು. ಪರಿಣಾಮ ಫಿಟ್ಸ್, ಬೆಳವಣಿಗೆಯ ಹಿನ್ನಡೆ. ಗರ್ಭಿಣಿಗೆ ತಗಲುವ ಸೈಟೋಮೆಗಾಲೊ ವೈರಸ್ ಇದಕ್ಕೊಂದು ಕಾರಣ. ಇದಕ್ಕೆ ವಿರುದ್ಧದ್ದು ಲಿಸೆನ್ಸೆಫಲಿ. ಒಳಗೆ ಹುಟ್ಟಿದ ನರಕೋಶಗಳು ಹೊರಪದರದವರೆಗೆ ಸರಿಯಾಗಿ ತಲುಪದೆ ಮೆದುಳು ನುಣುಪಾಗೇ ಉಳಿಯುತ್ತದೆ, ಪದರ ದಪ್ಪವಾಗುತ್ತದೆ. ಅಲ್ಲೂ ಫಿಟ್ಸ್.

ಎಷ್ಟು ಮಡಿಕೆ ಎನ್ನುವುದಕ್ಕಿಂತ ಯಾವ ಮಡಿಕೆ ಎನ್ನುವುದೇ ವೈದ್ಯರಿಗೆ ಮುಖ್ಯ. ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ನಡುಸೀಳಿನ ಮುಂದಿನ ಉಬ್ಬು ಕೈಕಾಲು ಆಡಿಸುತ್ತದೆ, ಹಿಂದಿನದು ಸ್ಪರ್ಶ ತಿಳಿಯುತ್ತದೆ. ಬಹುಪಾಲು ಜನರಲ್ಲಿ ಎಡಗಡೆ, ಮುಂಭಾಗದ ಕೆಳಗಿನ ಉಬ್ಬು ಮಾತಿನದು; 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಅದನ್ನು ಗುರುತಿಸಿದರು. ಬಲಗೈಯನ್ನು ಆಡಿಸುವುದೂ ಎಡ ಮೆದುಳೇ. ಲಕ್ವ ಹೊಡೆದು ಬಲಗೈ ಬಿದ್ದವರಲ್ಲಿ ಎಷ್ಟೋ ಸಲ ಮಾತೂ ನಿಲ್ಲುವುದು ಕೈಯ ಜಾಗ, ಮಾತಿನ ಜಾಗ ಎರಡೂ ಹತ್ತಿರ ಇರುವುದರಿಂದ: ಒಂದೇ ರಕ್ತನಾಳದ ಕವಲುಗಳು ಎರಡಕ್ಕೂ ಹೋಗುತ್ತವೆ. ಅಂಥವರಿಗೆ ಮಾತಿನ ತರಬೇತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿಗುತ್ತದೆ.

ಮಗಳಿಗೆ ಕಣ್ಣಾರೆ ತೋರಿಸಬೇಕೆಂದರೆ ಮಟನ್ ಅಂಗಡಿಯಲ್ಲಿ ಕುರಿಯ ಮೆದುಳು ಕೇಳಿ. ಮಚ್ಚಿನಲ್ಲಿ ತಲೆ ಸೀಳುವಾಗ ಅದೂ ಜಜ್ಜಿಹೋಗುತ್ತದೆ. ಇಡಿಯಾಗಿ ಬೇಕೆಂದು ಮೊದಲೇ ಹೇಳಬೇಕು. ಹಸಿಯದನ್ನು ಹಾಗೇ ಕೊಯ್ದರೆ ಮುದ್ದೆಯಾಗುತ್ತದೆ. ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟು, ಕಲ್ಲಾಗುವ ಮೊದಲು ತೆಗೆದು, ಹರಿತವಾದ ಚಾಕುವಿನಿಂದ ಒಂದೇ ಎಳೆತಕ್ಕೆ ಅಡ್ಡಕ್ಕೆ ಕೊಯ್ಯಿರಿ. ಮೇಲಿನ ತೆಳು ಪೊರೆ ಕೀಳಲು ಹೋಗಬೇಡಿ, ಬೂದು ಪದರವೂ ಕಿತ್ತು ಬರುತ್ತದೆ. ಕೊಯ್ದ ಮುಖದಲ್ಲಿ ಅಂಚಿನ ತೆಳು ಬೂದು ಪಟ್ಟಿ ಪ್ರತಿ ಸೀಳಿನೊಳಕ್ಕೂ ಇಳಿದು ಮತ್ತೆ ಮೇಲೆ ಬರುವುದು, ನಡುವೆ ಬಿಳಿ ಭಾಗ ತುಂಬಿರುವುದು ಕಾಣುತ್ತದೆ. ಕುರಿಗೆ ಮಡಿಕೆ ಸಾಕಷ್ಟಿದೆ, ಇಲಿಗೆ ಇಲ್ಲವೇ ಇಲ್ಲ. ಕುರಿ ಇಲಿಗಿಂತ ಜಾಣವೇ ಎಂದು ಟ್ಯೂಷನ್ನಿನಲ್ಲಿ ಕೇಳಲು ಹೇಳಿ.