ಪೈರೋಕ್ಲಾಸ್ಟಿಕ್ ಪ್ರವಾಹ: ಪಾಂಪೆಯಲ್ಲಿ ಲಾವಾ ಹುಡುಕುವವರಿಗೆ

ಇಟಲಿಯ ಪಾಂಪೆ ನಗರದ ಬಗ್ಗೆ ಬರೆಯುವಾಗ ‘ಲಾವಾರಸದಲ್ಲಿ ಮುಳುಗಿಹೋದ ಊರು’ ಎಂದು ಬರೆದುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಸರಿಯಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಪಾಂಪೆಯ ಬೀದಿಗಳಲ್ಲಿ ಲಾವಾ ಹರಿಯಲೇ ಇಲ್ಲ. ಹರಿದಿದ್ದರೆ ಗೋಡೆಯ ಮೇಲಿನ ಚಿತ್ರಗಳಾಗಲಿ, ಒಲೆಯೊಳಗಿನ ರೊಟ್ಟಿಗಳಾಗಲಿ ನಮಗೆ ಸಿಗುತ್ತಿರಲಿಲ್ಲ. ಆ ಊರನ್ನು ಕೊಂದು ಹೂಳಿದ್ದಕ್ಕೆ ಬೇರೆಯೇ ಹೆಸರಿದೆ: ಪೈರೋಕ್ಲಾಸ್ಟಿಕ್ ಪ್ರವಾಹ. ಅಲ್ಲಿಗೆ ಪ್ರವಾಸ ಹೊರಡುವವರು ಈ ಒಂದು ಪದವನ್ನು ತಿಳಿದುಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಜ್ವಾಲಾಮುಖಿಯಿಂದ ಹೊರಬಿದ್ದ ಬಿಸಿ ಅನಿಲ, ನುಣ್ಣನೆಯ ಬೂದಿ, ಕಲ್ಲಿನ ಚೂರುಗಳು ಒಂದರಲ್ಲೊಂದು ಬೆರೆತು, ನೆಲವನ್ನು ಸವರಿಕೊಂಡು ಇಳಿಜಾರಿನಲ್ಲಿ ನುಗ್ಗುವುದೇ ಪೈರೋಕ್ಲಾಸ್ಟಿಕ್ ಪ್ರವಾಹ. ನೋಡುವುದಕ್ಕೆ ಹೊಗೆಯ ಮೋಡ. ಆದರೆ ಸುತ್ತಲಿನ ಗಾಳಿಗಿಂತ ಭಾರವಾದ್ದರಿಂದ ಅದು ಮೇಲಕ್ಕೇಳುವ ಬದಲು ನೆಲದ ಮೇಲೆ ಹರಿಯುತ್ತದೆ. ವೇಗ ಸಾಮಾನ್ಯವಾಗಿ ಗಂಟೆಗೆ 100 ಕಿಲೋಮೀಟರಿಗಿಂತ ಹೆಚ್ಚು. ಶಾಖ 200ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ. ಲಾವಾ ಹಾಗಲ್ಲ. ಬಹಳಷ್ಟು ಸಲ ಅದರ ದಾರಿಯಿಂದ ಮನುಷ್ಯ ನಡೆದೇ ಪಾರಾಗಬಹುದು. ಲಾವಾ ಆರಿದರೆ ಏನಾಗುತ್ತದೆ ಎಂಬುದನ್ನು ನೋಡಲು ಇಟಲಿಗೆ ಹೋಗಬೇಕಾಗಿಯೂ ಇಲ್ಲ. ವಿಜಯಪುರದ ಗೋಲಗುಂಬಜದ ಕಪ್ಪು ಬಸಾಲ್ಟ್ ಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಪದರಪದರವಾಗಿ ಹರಿದು ಗಟ್ಟಿಯಾದ ಲಾವಾ ಬಂಡೆಯದು.

79ರಲ್ಲಿ ನಡೆದದ್ದು ಎರಡು ಹಂತಗಳಲ್ಲಿ. ಮೊದಲು ಬೂದಿ ಮತ್ತು ಕಲ್ಲುಗಳ ಕಂಬವೊಂದು ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಎದ್ದಿತು. ಕೊಲ್ಲಿಯ ಆಚೆ ಮಿಸೇನಮ್‌ನಲ್ಲಿದ್ದ 17 ವರ್ಷದ ಪ್ಲಿನಿ ಅದನ್ನು ಕೊಡೆಯಂತೆ ಹರಡಿಕೊಳ್ಳುವ ಪೈನ್ ಮರಕ್ಕೆ ಹೋಲಿಸಿದ. ಗಾಳಿ ಆಗ್ನೇಯಕ್ಕೆ ಬೀಸುತ್ತಿದ್ದುದರಿಂದ ಪಾಂಪೆಯ ಮೇಲೆ ಗಂಟೆಗಟ್ಟಲೆ ಪ್ಯೂಮಿಸ್ ಸುರಿಯಿತು. ಹಿಮ್ಮಡಿ ಉಜ್ಜಲು ಅಂಗಡಿಯಲ್ಲಿ ಸಿಗುತ್ತದಲ್ಲ, ತೂತುತೂತಿನ ಹಗುರ ಕಲ್ಲು, ಅದೇ ಇದು. ಒಂದೊಂದೂ ಹಗುರ, ಆದರೆ ರಾಶಿ ಆಳೆತ್ತರಕ್ಕೂ ಮೀರಿದಾಗ ಮಾಡುಗಳು ಕುಸಿದವು. ಅಷ್ಟಾದರೂ ಓಡಿಹೋಗಲು ಸಮಯವಿತ್ತು, ಹಲವರು ಓಡಿಯೂ ಹೋದರು. ಆಮೇಲೆ, ತನ್ನ ಭಾರವನ್ನು ತಾನೇ ಹೊರಲಾರದೆ ಆ ಕಂಬ ಕುಸಿಯತೊಡಗಿತು. ಮೇಲಕ್ಕೆ ಹೋಗಬೇಕಾದದ್ದು ಬೆಟ್ಟದ ಮೈಮೇಲೆ ಇಳಿದು ಬಂತು. ಸುಮಾರು 30 ಕಿಲೋಮೀಟರ್ ದೂರದಲ್ಲಿದ್ದ ಪ್ಲಿನಿಯೂ, ದಟ್ಟವಾದ ಕಪ್ಪೊಂದು ಹೊಳೆಯಂತೆ ನೆಲದ ಮೇಲೆ ಹರಿಯುತ್ತ ತಮ್ಮ ಬೆನ್ನು ಹತ್ತಿತೆಂದು ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರ ಬರೆದಿದ್ದಾನೆ.

ನಾವು ಮನೆಮಂದಿಯೆಲ್ಲ ಹೋದಾಗ ಪಾಂಪೆಯ ಬೀದಿಯಲ್ಲಿ ನಿಂತು ಮಗಳು ಕೇಳಿದ್ದೂ ಇದನ್ನೇ: “ಅಪ್ಪಾ, ಲಾವಾ ಎಲ್ಲಿ?” ಅವಳ ಕಾಲಡಿಯಲ್ಲೇ ಇತ್ತು. ಪಾಂಪೆಯ ಬೀದಿಗಳಿಗೆ ಹಾಸಿರುವ ದಪ್ಪ ಬೂದುಬಣ್ಣದ ಚಪ್ಪಡಿಗಳು ಲಾವಾ ಕಲ್ಲಿನವು. ಆದರೆ ಅದು ಬಹಳ ಹಿಂದಿನ ಸ್ಫೋಟಗಳಲ್ಲಿ ಹರಿದು ಆರಿದ್ದು. ರೋಮನ್ನರು ಅದನ್ನು ಕಡಿದು ತಂದು ರಸ್ತೆಗೆ ಹಾಸಿದರು, ಹಿಟ್ಟು ಬೀಸುವ ದೊಡ್ಡ ಕಲ್ಲುಗಳನ್ನೂ ಅದರಿಂದಲೇ ಮಾಡಿಕೊಂಡರು. ಚಪ್ಪಡಿಗಳ ಮೇಲೆ ಗಾಡಿಯ ಚಕ್ರಗಳು ಕೊರೆದ ಗೀರುಗಳು ಎಷ್ಟು ಆಳವೆಂದರೆ ಮಗಳ ಅಂಗೈ ಪೂರ್ತಿ ಒಳಗೆ ಕೂತಿತು.

ಇನ್ನು ಪಾಂಪೆಯ ಪ್ರಸಿದ್ಧ ‘ಕಲ್ಲಾದ ಮನುಷ್ಯರು’. ಅವರು ಕಲ್ಲಾದವರಲ್ಲ. ಪ್ರವಾಹದ ನುಣ್ಣನೆಯ ಬೂದಿ ದೇಹಗಳನ್ನು ಬಿಗಿಯಾಗಿ ಸುತ್ತಿ ಗಟ್ಟಿಯಾಯಿತು. ಒಳಗಿನ ದೇಹ ಕೊಳೆತು ಎಲುಬಷ್ಟೇ ಉಳಿದು, ಅದರ ಆಕಾರದ ಟೊಳ್ಳೊಂದು ನಿಂತಿತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಎಂಬ ಪುರಾತತ್ತ್ವಜ್ಞ ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದ. ‘ಓಡಿಹೋದವರ ತೋಟ’ ಎಂಬಲ್ಲಿ ಅಂಥ 13 ಅಚ್ಚುಗಳಿವೆ, ಮಕ್ಕಳವೂ ಇವೆ. ಅಲ್ಲಿ ನಗುನಗುತ್ತ ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಪದದ ಪೂರ್ತಿ ಅರ್ಥ ತಿಳಿಯುವುದು ಅದೇ ಸ್ಫೋಟದಲ್ಲಿ ಹೂತುಹೋದ ಇನ್ನೊಂದು ರೋಮನ್ ಊರಾದ ಹರ್ಕ್ಯುಲೇನಿಯಂನಲ್ಲಿ. ನೇಪಲ್ಸ್‌ನಿಂದ ಪಾಂಪೆಗೆ ಹೋಗುವ ಅದೇ ರೈಲಿನಲ್ಲಿ ಅರ್ಧದಾರಿಯಲ್ಲಿ, ಎರ್ಕೊಲಾನೊದಲ್ಲಿ ಇಳಿದರೆ ಸಾಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನಂತೂ ಇದನ್ನೇ ಮೊದಲು ನೋಡಿ ಎನ್ನುತ್ತೇನೆ. ಊರು ಚಿಕ್ಕದು, ಕಾಲು ನೋಯುವುದರೊಳಗೆ ಮುಗಿಯುತ್ತದೆ. ಗಾಳಿಯ ದಿಕ್ಕಿನಿಂದಾಗಿ ಇಲ್ಲಿ ಪ್ಯೂಮಿಸ್ ಬಿದ್ದದ್ದು ಕಡಿಮೆ. ರಾತ್ರಿ ಬಂದದ್ದು ನೇರವಾಗಿ ಪ್ರವಾಹವೇ. ಒಂದರ ಹಿಂದೊಂದು ಬಂದ ಪ್ರವಾಹಗಳು ಊರನ್ನು ಸುಮಾರು 20 ಮೀಟರ್ ಆಳಕ್ಕೆ ಹೂಳಿದವು. ಒಳಗೆ ಕಾಲಿಡುವಾಗ ನಾವು ಈಗಿನ ಎರ್ಕೊಲಾನೊದ ನೆಲದ ಮಟ್ಟದಲ್ಲಿ ನಿಂತಿರುತ್ತೇವೆ, ರೋಮನ್ ಊರು ದೊಡ್ಡ ಬಾವಿಯ ತಳದಲ್ಲಿರುವಂತೆ ಕೆಳಗೆ ಕಾಣುತ್ತದೆ. ಸುತ್ತ ನಿಂತಿರುವ ಕಂದು ಗೋಡೆ ಬೆಟ್ಟವೂ ಅಲ್ಲ, ಕೋಟೆಯೂ ಅಲ್ಲ. ಆ ಪ್ರವಾಹವೇ ಬಂಡೆಯಾದದ್ದು. ಅದರ ನೆತ್ತಿಯ ಮೇಲೆ ಈಗಿನ ಮನೆಗಳ ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕಿರುತ್ತಾರೆ.

ಇಲ್ಲಿನ ಅಚ್ಚರಿ ಮರ. ಪಾಂಪೆಯಲ್ಲಿ ಮರವೆಲ್ಲ ಬಹುಪಾಲು ಕೊಳೆತುಹೋಗಿದೆ. ಹರ್ಕ್ಯುಲೇನಿಯಂನಲ್ಲಿ ತೊಲೆ, ಬಾಗಿಲು, ಮಂಚ, ಕಡೆಗೆ ಮಗುವಿನ ತೊಟ್ಟಿಲು ಕೂಡ ಉಳಿದಿದೆ. ಮೊದಲು ಓದಿದಾಗ ನಂಬುವುದು ಕಷ್ಟ: ಅಷ್ಟು ಶಾಖಕ್ಕೆ ಮರ ಉರಿದು ಬೂದಿಯಾಗಬೇಕಲ್ಲವೇ? ಉರಿಯಲು ಗಾಳಿ ಬೇಕು. ನಮ್ಮಲ್ಲಿ ಇದ್ದಿಲು ಸುಡುವವರು ಸೌದೆ ಒಟ್ಟಿ, ಮೇಲೆ ಮಣ್ಣು ಮೆತ್ತಿ, ಗಾಳಿಯಾಡದಂತೆ ಬೇಯಿಸುವುದಿಲ್ಲವೇ, ಇಡೀ ಊರಿಗೆ ಆದದ್ದು ಅದೇ. ಒಂದು ಮನೆಯಲ್ಲಿ ನಡುಮನೆಯನ್ನು ಒಳಕೋಣೆಯಿಂದ ಬೇರ್ಪಡಿಸುವ ಮರದ ಅಡ್ಡಗೋಡೆ ಇದೆ. ಗಾಜಿನ ಹಿಂದೆ ಕಪ್ಪಗೆ ನಿಂತಿದೆ, ಹಲಗೆಗೆ ಕೊರೆದ ಚೌಕಟ್ಟುಗಳ ಅಂಚು ಇನ್ನೂ ಮೊಂಡಾಗಿಲ್ಲ. ಇಲ್ಲೇ ಸಿಕ್ಕ ಒಂದು ದುಂಡನೆಯ ರೊಟ್ಟಿ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಇದ್ದಿಲಾದ ಮೇಲೂ ಅದರ ಮೇಲೆ ಒತ್ತಿದ ಮುದ್ರೆಯಲ್ಲಿ ಸೆಲೆರ್ ಎಂಬ ಗುಲಾಮನ ಹೆಸರನ್ನು ಓದಬಹುದು. ಊರಾಚೆಯ ಬಂಗಲೆಯೊಂದರಲ್ಲಿ ಸಿಕ್ಕ ಪಪೈರಸ್ ಸುರುಳಿಗಳೂ ಹೀಗೆಯೇ ಕರಕಲಾದವು. ಬಿಚ್ಚಿದರೆ ಪುಡಿಯಾಗುವ ಆ ಸುರುಳಿಗಳನ್ನು 2023ರಿಂದ ಎಕ್ಸ್‌ರೇ ಸ್ಕ್ಯಾನ್ ಮತ್ತು ಕಂಪ್ಯೂಟರ್ ನೆರವಿನಿಂದ, ಬಿಚ್ಚದೆಯೇ ಓದತೊಡಗಿದ್ದಾರೆ.

ಹರ್ಕ್ಯುಲೇನಿಯಂನ ಜನರೆಲ್ಲ ಪಾರಾದರೆಂದೇ ಬಹುಕಾಲ ನಂಬಲಾಗಿತ್ತು, ಏಕೆಂದರೆ ಮನೆಗಳಲ್ಲಿ ಅಸ್ಥಿಗಳು ಹೆಚ್ಚಾಗಿ ಸಿಕ್ಕಿರಲಿಲ್ಲ. 1980ರ ದಶಕದಲ್ಲಿ ಹಳೆಯ ಸಮುದ್ರದಂಡೆಯನ್ನು ಅಗೆದಾಗ, ದೋಣಿ ಇಡುವ ಕಮಾನು ಕೋಣೆಗಳಲ್ಲೂ ಮರಳಿನ ಮೇಲೂ ಸುಮಾರು 300 ಅಸ್ಥಿಪಂಜರಗಳು ಕಂಡವು. ದೋಣಿಗಾಗಿ ಕಾದು ಕುಳಿತವರು.

ಇಂಥ ಪ್ರವಾಹ ಎಷ್ಟು ಬೇಗ ಕೊಲ್ಲುತ್ತದೆ ಎಂಬುದು ಆಧುನಿಕ ವಿಜ್ಞಾನಕ್ಕೆ ಮನವರಿಕೆಯಾದದ್ದು 1902ರಲ್ಲಿ. ಕೆರಿಬಿಯನ್‌ನ ಮಾರ್ಟಿನೀಕ್ ದ್ವೀಪದ ಪೆಲೇ ಬೆಟ್ಟದಿಂದ ಇಳಿದ ಪ್ರವಾಹ ಸೇಂಟ್ ಪಿಯರ್ ಪಟ್ಟಣದ ಸುಮಾರು 28,000 ಜನರನ್ನು ಕೆಲವೇ ನಿಮಿಷಗಳಲ್ಲಿ ಬಲಿ ತೆಗೆದುಕೊಂಡಿತು.

ವೆಸೂವಿಯಸ್ ಕೊನೆಯ ಸಲ ಸಿಡಿದದ್ದು 1944ರಲ್ಲಿ. ಈಗ ಅದರ ಸುತ್ತಲಿನ 25 ಪುರಸಭೆಗಳ ಪ್ರದೇಶವನ್ನು ಸರ್ಕಾರ ಕೆಂಪು ವಲಯವೆಂದು ಗುರುತಿಸಿದೆ. ಅದರ ಗಡಿ ಎಳೆದಿರುವುದು ಮುಖ್ಯವಾಗಿ ಪೈರೋಕ್ಲಾಸ್ಟಿಕ್ ಪ್ರವಾಹ ಎಲ್ಲಿಯವರೆಗೆ ತಲುಪಬಹುದು ಎಂಬ ಲೆಕ್ಕದ ಮೇಲೆ. ಪ್ರವಾಹ ಹೊರಟ ಮೇಲೆ ಅದರ ಮುಂದೆ ಓಡಲಾಗದು. ಹಾಗಾಗಿ ಸ್ಫೋಟಕ್ಕೆ ಮೊದಲೇ, 72 ಗಂಟೆಗಳಲ್ಲಿ, ಅಲ್ಲಿನ ಸುಮಾರು 7 ಲಕ್ಷ ಜನರನ್ನು ಹೊರಗೆ ಸಾಗಿಸುವ ಯೋಜನೆ ಇದೆ. ಎರ್ಕೊಲಾನೊದ ಆ ಬಾಲ್ಕನಿಗಳೂ ಈ ವಲಯದೊಳಗೇ ಇವೆ.