ಅಥೆನ್ಸ್‌ನ ‘ಎಲ್ಲ ಜನ’ ಎಲ್ಲಿ ಕೂರುತ್ತಿದ್ದರು?

ಪ್ರಶ್ನೆ: ಪ್ರಾಚೀನ ಅಥೆನ್ಸ್‌ನಲ್ಲಿ ಪ್ರತಿನಿಧಿಗಳಿಲ್ಲದೆ ನಾಗರಿಕರೆಲ್ಲ ನೇರವಾಗಿ ಸೇರಿ ತೀರ್ಮಾನ ಮಾಡುತ್ತಿದ್ದರು ಅಂತಾರೆ. ಅಷ್ಟು ಜನಕ್ಕೆ ಜಾಗ ಎಲ್ಲಿತ್ತು?

ಉತ್ತರ: ಜಾಗ ಇರಲಿಲ್ಲ. ಅಲ್ಲಿನ ರಾಜಕೀಯ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಸಭೆ ಸೇರುತ್ತಿದ್ದದ್ದು ಊರಿನ ಕೋಟೆಗುಡ್ಡವಾದ ಅಕ್ರೊಪೊಲಿಸ್‌ನ ಪಶ್ಚಿಮಕ್ಕಿರುವ ನಿಕ್ಸ್ ಎಂಬ ಗುಡ್ಡದಲ್ಲಿ, ಬಯಲಿನಲ್ಲಿ. ಕ್ರಿ.ಪೂ. 5ನೇ ಶತಮಾನದಲ್ಲಿ ಅಲ್ಲಿ ಹಿಡಿಸುತ್ತಿದ್ದದ್ದು ಸುಮಾರು 6,000 ಜನ ಎಂದು ಪುರಾತತ್ವಜ್ಞರ ಲೆಕ್ಕ. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಯಾರಿಗೂ ಮತವಿಲ್ಲ. ಆದರೂ ಹಕ್ಕಿದ್ದ ಗಂಡಸರೇ 30,000ಕ್ಕಿಂತ ಜಾಸ್ತಿ! ಅಂದರೆ ಐದರಲ್ಲಿ ಒಬ್ಬರು ಬಂದರೆ ಗುಡ್ಡ ತುಂಬಿತು. ಹೊರಗಿನವರಿಗೆ ಪೌರತ್ವ ಕೊಡುವಂಥ ಕೆಲವು ತೀರ್ಮಾನಗಳಿಗೆ ಕನಿಷ್ಠ 6,000 ಮತ ಬೇಕು ಎಂಬ ನಿಯಮವಿತ್ತು. ಅಷ್ಟು ಜನ ಸೇರಿದರೆ ಇಡೀ ಊರೇ ಸೇರಿದ ಹಾಗೆ ಎಂದು ಒಪ್ಪಿಕೊಂಡಿದ್ದರು.

ಯಾರು ಬರುತ್ತಿದ್ದರು ಎನ್ನುವುದನ್ನೂ ದೂರವೇ ನಿರ್ಧರಿಸುತ್ತಿತ್ತು. ಮ್ಯಾರಥಾನ್ ಎಂಬ ಊರಿನ ರೈತನೂ ಅಥೆನ್ಸ್‌ನ ನಾಗರಿಕನೇ. ಆದರೆ ಅವನು ಸುಮಾರು 40 ಕಿ.ಮೀ. ನಡೆಯಬೇಕು. ಪೇಟೆಯವನಿಗೆ ಗುಡ್ಡ ಪಕ್ಕದಲ್ಲೇ.

ಹಾಗಂತ ಪೇಟೆಯವರು ಓಡೋಡಿ ಬರುತ್ತಿದ್ದರಾ? ಅದೂ ಇಲ್ಲ. ಗುಡ್ಡದ ಕೆಳಗೆ ಅಗೋರಾ ಇತ್ತು: ಸಂತೆ, ದೇವಸ್ಥಾನ, ಕೋರ್ಟು, ಹರಟೆ ಎಲ್ಲ ಒಂದೇ ಕಡೆ. ಜನ ಅಲ್ಲೇ ಮಾತಾಡುತ್ತಾ ನಿಂತುಬಿಡುತ್ತಿದ್ದರು. ಆಗ ಕೆಂಪು ಬಣ್ಣ ಬಳಿದ ಹಗ್ಗವನ್ನು ಎರಡೂ ಕಡೆ ಹಿಡಿದು ಅವರನ್ನು ಗುಡ್ಡದತ್ತ ಅಟ್ಟುತ್ತಿದ್ದರು. ಕ್ರಿ.ಪೂ. 425ರ ನಾಟಕವೊಂದರಲ್ಲಿ ಅರಿಸ್ಟೋಫನಿಸ್ ಇದನ್ನೇ ಗೇಲಿ ಮಾಡಿದ್ದಾನೆ. ಖಾಲಿ ಗುಡ್ಡದಲ್ಲಿ ಒಬ್ಬ ರೈತ ಆಕಳಿಸುತ್ತಾ ಕೂತಿದ್ದಾನೆ, ಉಳಿದವರು ಕೆಳಗೆ ಹಗ್ಗ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ. ಕ್ರಿ.ಪೂ. 4ನೇ ಶತಮಾನದ ಶುರುವಿನಲ್ಲಿ ಬಂದವರಿಗೆ ಕೂಲಿ ಕೊಡುವ ಪದ್ಧತಿ ಬಂತು. ಮೊದಲು ಒಂದು ಓಬಲ್ (ಚಿಕ್ಕ ಬೆಳ್ಳಿ ನಾಣ್ಯ), ಆಮೇಲೆ ಮೂರು. ಹಗ್ಗಕ್ಕಿಂತ ದುಡ್ಡೇ ಚೆನ್ನಾಗಿ ಎಳೆಯಿತು ಅನ್ನಿ.

ಸುಮ್ನೆ ಸಭೆಯೊಂದನ್ನೇ ನೋಡಿದರೆ ಸಾಲದು. ಅಗೋರಾದ ಅಂಚಿನಲ್ಲಿ ಸಭೆಯ ಮುಂದೆ ಬರುವ ವಿಷಯಗಳನ್ನು ಸಿದ್ಧಪಡಿಸುತ್ತಿದ್ದ 500 ಜನರ ಮಂಡಳಿಯ ಕಟ್ಟಡವಿತ್ತು. ಪಕ್ಕದ ದುಂಡನೆಯ ಥೋಲೋಸ್‌ನಲ್ಲಿ ಸರದಿಯಲ್ಲಿದ್ದ 50 ಸದಸ್ಯರು ಊಟ ಮಾಡುತ್ತಿದ್ದರು. ಕೆಲವರು ರಾತ್ರಿಯೂ ಅಲ್ಲೇ ಇರುತ್ತಿದ್ದರು. ಹೊಸ ಕಾನೂನಿನ ಕರಡನ್ನು ಊರಿನ ಹತ್ತು ವೀರರ ಪ್ರತಿಮೆಗಳ ಮುಂದೆ ಹಾಕುತ್ತಿದ್ದರು. ತರಕಾರಿಗೆ ಬಂದವನೂ ಓದಬಹುದಿತ್ತು, ಅಲ್ವಾ? ಇನ್ನೊಂದು ಗ್ರೀಕ್ ರಾಜ್ಯವಾದ ಸ್ಪಾರ್ಟಾದವರು ಇದಕ್ಕೆ ತದ್ವಿರುದ್ಧ. ಪ್ರತಿಮೆ, ಚಿತ್ರಗಳಿರುವ ಸಭಾಂಗಣದಲ್ಲಿ ಕೂತರೆ ಗಮನ ಚದುರುತ್ತದೆ ಎಂದು ಅಲ್ಲಿ ಬಯಲಲ್ಲೇ ಸೇರುತ್ತಿದ್ದರಂತೆ. ಹೀಗೆಂದವನು ಶತಮಾನಗಳ ನಂತರ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್.

ಅವನೇ ಹೇಳುವ ಇನ್ನೊಂದು ಕಥೆ ನಿಕ್ಸ್‌ನದ್ದು. ಕ್ರಿ.ಪೂ. 404ರಲ್ಲಿ ಮೂವತ್ತು ಜನರ ಸರ್ವಾಧಿಕಾರಿ ಗುಂಪು ಅಥೆನ್ಸ್ ಹಿಡಿದಾಗ, ಸಮುದ್ರದ ಕಡೆಗಿದ್ದ ಭಾಷಣದ ಕಟ್ಟೆಯನ್ನು ಒಳನಾಡಿನ ಕಡೆಗೆ ತಿರುಗಿಸಿತಂತೆ. ಜನರ ಆಳ್ವಿಕೆಗೆ ಬಲ ಬಂದದ್ದು ನೌಕಾಪಡೆಯಿಂದ, ಅಲ್ಲಿ ಹುಟ್ಟು ಹಾಕುತ್ತಿದ್ದ ಬಡವರಿಂದ ಎಂಬುದು ಅವರ ಸಿಟ್ಟು. ಕಥೆ ಸೊಗಸಾಗಿದೆ. ಅಗೆತದಲ್ಲಿ ನೋಡಿದರೆ ಸಭೆಯ ದಿಕ್ಕು ಬದಲಾದದ್ದೂ ನಿಜ. ಕಾರಣದ ಬಗ್ಗೆ ಮಾತ್ರ ನನಗೆ ಅನುಮಾನ. ಮುಂದಿನ ವರ್ಷವೇ ಪ್ರಜಾಪ್ರಭುತ್ವ ಮರಳಿತು. ಯಾರೂ ಕಟ್ಟೆಯನ್ನು ವಾಪಸ್ ತಿರುಗಿಸಲಿಲ್ಲ. ಕ್ರಿ.ಪೂ. 4ನೇ ಶತಮಾನದಲ್ಲಿ ಜಾಗವನ್ನು ದೊಡ್ಡದು ಮಾಡಿದಾಗಲೂ ಅದೇ ದಿಕ್ಕನ್ನು ಇಟ್ಟುಕೊಂಡರು.